ಒಂದು ಆಸನ, ಇಬ್ಬರು ಯಾತ್ರಿಕರು

ಬೇಲೂರು, ಹಳೇಬೀಡುಗಳನ್ನು ನೋಡಿಕೊಂಡು ಹಿಂದಿರುಗುವ ಯಾತ್ರಿಕರಲ್ಲಿ ಒಬ್ಬನು ಹಾಸನದಲ್ಲಿಯೂ ಇನ್ನೊಬ್ಬನು ಅರಸೀಕೆರೆಯಲ್ಲಿಯೂ ಒಂದೇ ರೈಲಿಗೆ ಏಕಕಾಲದಲ್ಲಿ ಟಿಕೆಟ್ ಕೇಳಿದರೆಂದು ಭಾವಿಸೋಣ. ಉಳಿದಿರುವುದು ಒಂದೇ ಆಸನ. ಗಣಕಯಂತ್ರವು ಪ್ರತಿಯೊಬ್ಬನಿಗಾಗಿಯೂ ಮೂರು ಕೆಲಸಗಳನ್ನು ಮಾಡಬೇಕು: ಉಳಿದ ಆಸನಗಳ ಸಂಖ್ಯೆಯನ್ನು ಓದುವುದು, ಅದರಲ್ಲಿ ಒಂದನ್ನು ಕಳೆಯುವುದು, ಬಂದ ಉತ್ತರವನ್ನು ಬರೆದಿಡುವುದು. ಹೀಗೆ ಜೊತೆಜೊತೆಯಾಗಿ ಸಾಗುವ ಕೆಲಸದ ಸಾಲುಗಳಿಗೆ 'ಎಳೆ'ಗಳೆಂದು ಹೆಸರು. ಮೊದಲನೆಯ ಎಳೆಯು ಉತ್ತರವನ್ನು ಬರೆಯುವ ಮುನ್ನವೇ ಎರಡನೆಯದು ಸಂಖ್ಯೆಯನ್ನು ಓದಿಬಿಟ್ಟರೆ ಏನಾದೀತು? ಎರಡಕ್ಕೂ ಒಂದು ಆಸನ ಉಳಿದಂತೆಯೇ ಕಾಣುತ್ತದೆ. ಅದು ಇಬ್ಬರಿಗೂ ಮಾರಾಟವಾಗುತ್ತದೆ!

ಮೂರು ಮೂರು ಹೆಜ್ಜೆಗಳ ಎರಡು ಎಳೆಗಳು 20 ಬಗೆಯಾಗಿ ಹೆಣೆದುಕೊಳ್ಳಬಲ್ಲವು. ಅವುಗಳಲ್ಲಿ, ಒಂದು ಎಳೆ ಪೂರ್ತಿ ಮುಗಿದ ಮೇಲೆ ಇನ್ನೊಂದು ಮೊದಲಾಗುವ 2 ಬಗೆಗಳು ಮಾತ್ರ ಸರಿ; ಉಳಿದ 18 ತಪ್ಪು. ಹೆಜ್ಜೆಗಳು ಹತ್ತು ಹತ್ತಾದರೆ ಬಗೆಗಳು 1,84,756 ಆಗುತ್ತವೆ. ಆದರೆ ಎಲ್ಲ ಬಗೆಗಳೂ ಸಮಾನವಾಗಿ ಒದಗುವುದಿಲ್ಲ. ಒಂದು ಎಳೆಯ ಕೆಲಸ ಕಣ್ಣೆವೆಯಿಕ್ಕುವುದರೊಳಗೆ ಮುಗಿದುಹೋಗುವುದರಿಂದ, ಸಾವಿರ ಸಲ ಪರೀಕ್ಷಿಸಿದರೂ ದೋಷವು ತಲೆದೋರದೆ ಇರಬಹುದು.

ಇದು ಬರಿಯ ಟಿಕೆಟಿನ ಮಾತಲ್ಲ. 1985ರಿಂದ 1987ರವರೆಗೆ ಉತ್ತರ ಅಮೆರಿಕದಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರವು 6 ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಹಾಯಿಸಿತು, ಕೆಲವರು ಮೃತರಾದರು. ಅದರ ಕಾರಣಗಳಲ್ಲಿ ಇಂಥ ದೋಷವೂ ಒಂದು. ಯಂತ್ರವನ್ನು ನಡೆಸುವವರು ನಿಧಾನವಾಗಿ ಬೆರಳಚ್ಚು ಮಾಡಿದಾಗ ಅಡಗಿದ್ದ ದೋಷವು, ಅವರ ಕೈ ಪಳಗಿ ಚುರುಕಾದಾಗ ಹೊರಬಿದ್ದಿತು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಅದೃಷ್ಟವನ್ನು ನಂಬದೆ, ಹೆಜ್ಜೆಗಳ ಕ್ರಮವನ್ನು ಪರೀಕ್ಷೆಯೇ ಕೈಗೆ ತೆಗೆದುಕೊಳ್ಳಬೇಕು. ಮೊದಲನೆಯ ಎಳೆಯನ್ನು ಓದಿದೊಡನೆ ತಡೆದು ನಿಲ್ಲಿಸಿ, ಎರಡನೆಯದನ್ನು ಹರಿಯಬಿಟ್ಟು, ಬಳಿಕ ಮೊದಲನೆಯದನ್ನು ಬಿಡಬೇಕು. ಆಗ ದೋಷವು ಪ್ರತಿ ಸಲವೂ ಸಿಕ್ಕಿಬೀಳುತ್ತದೆ. 'ಒಂದು ಸೆಕೆಂಡು ಕಾಯೋಣ, ಅಷ್ಟರಲ್ಲಿ ಮುಗಿದೀತು' ಎಂಬ ಊಹೆ ಸಲ್ಲದು. ಮುಗಿದುದಕ್ಕೆ ಎಳೆಯೇ ಸಂಕೇತ ಕೊಡಬೇಕು, ಸಂಕೇತ ಬಾರದಿದ್ದರೆ ಗೊತ್ತಾದ ಅವಧಿಯ ಬಳಿಕ ಪರೀಕ್ಷೆ ವಿಫಲವೆಂದು ಸಾರಬೇಕು. ಕಳೆಯುವ ಲೆಕ್ಕವನ್ನು ಎಳೆಗಳಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಪರೀಕ್ಷಿಸುವುದೂ ಜಾಣತನ.

ಪರಿಹಾರದ ದಾರಿಯನ್ನು ರೈಲೇ ತೋರಿಸಿದೆ. ಒಂಟಿ ಹಳಿಯ ಮೇಲೆ ಟೋಕನ್ ಪದ್ಧತಿಯಿದ್ದಲ್ಲಿ, ಟೋಕನ್ ಕೈಗೆ ಬಾರದೆ ಚಾಲಕನು ಮುಂದಿನ ನಿಲ್ದಾಣಕ್ಕೆ ಗಾಡಿ ಬಿಡುವಂತಿಲ್ಲ. ಅಂತೆಯೇ, ಓದುವುದರಿಂದ ಬರೆಯುವವರೆಗೆ ಒಂದು ಎಳೆಗೆ ಮಾತ್ರ ಪ್ರವೇಶವಿರಬೇಕು. 1960ರ ದಶಕದಲ್ಲಿ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ಅವರು ಇಂತಹ ಕಾವಲಿಗೆ 'ಸೆಮಫೋರ್' ಎಂದು ಹೆಸರಿಟ್ಟರು. ಸೆಮಫೋರ್ ಎಂದರೆ ನಮ್ಮ ಹಿರಿಯರು ಕಂಡ ರೈಲಿನ ಕೈಮರವೇ ಅಲ್ಲವೆ?