ರೈತ ಮಹಿಳೆಯರಲ್ಲಿ ಹೃದಯರೋಗ: ಬರದಂತೆ ತಡೆಯುವುದು ಹೇಗೆ?



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಅಂದೇ ಪಶುವೈದ್ಯರನ್ನು ಕರೆಸುತ್ತೀರಿ. ಕಬ್ಬಿನ ಎಲೆ ಹಳದಿಯಾದರೆ ಕಿತ್ತುಕೊಂಡು ನಮ್ಮ ಹತ್ತಿರ ಬರುತ್ತೀರಿ. ಆದರೆ ಮನೆಯಾಕೆ "ಎದಿ ಭಾರ ಆಗೇತಿ, ದಮ್ಮು ಹತ್ತತೈತಿ" ಎಂದರೆ? "ವಾಯು ಆಗಿರಬೇಕು, ಸೋಡಾ ಕುಡಿ" ಎಂದು ಹೊಲಕ್ಕೆ ಹೊರಡುವವರೇ ಹೆಚ್ಚು. ಕೊಣ್ಣೂರ, ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರೈತರೂ ಇದಕ್ಕೆ ಹೊರತಲ್ಲ.

ನನ್ನ ಕ್ಷೇತ್ರ ಬೇಸಾಯಶಾಸ್ತ್ರ, ವೈದ್ಯಕೀಯವಲ್ಲ. ಆದರೂ ಈ ರೋಗದ ಅರ್ಧದಷ್ಟು ಹತೋಟಿ ಹೊಲ ಮತ್ತು ಅಡಿಗೆಮನೆಯಲ್ಲಿಯೇ ಇರುವುದರಿಂದ ಇದನ್ನು ಬರೆಯಬೇಕಾಯಿತು.

ತಪ್ಪು ತಿಳಿವಳಿಕೆ

"ಹೃದಯಾಘಾತ ಗಂಡಸರ ರೋಗ, ದುಡಿಯುವ ಹೆಣ್ಣಿಗೆ ಬರುವುದಿಲ್ಲ" ಎಂಬ ಮಾತು ಸರಿಯಲ್ಲ. ಜಗತ್ತಿನಲ್ಲಿ ಸಾಯುವ ಮಹಿಳೆಯರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹೃದಯ ಮತ್ತು ರಕ್ತನಾಳಗಳ ರೋಗದಿಂದಲೇ ಸಾಯುತ್ತಾರೆ.

ಕಾರಣಗಳು

ಘಟಪ್ರಭಾ ಎಡದಂಡೆ ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಹಾಗೆಯೇ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕೂಡಿ ದಾರಿ ಕಿರಿದಾದರೆ ಹೃದಯಕ್ಕೆ ರಕ್ತ ಸಾಲದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇದನ್ನು ಬೇಗನೆ ಬೆಳೆಸುತ್ತವೆ.

ಮುಟ್ಟು ನಿಂತ ಮೇಲೆ ಮಹಿಳೆಯರಲ್ಲಿ ಅಪಾಯ ಏರುತ್ತದೆ. ಬಸಿರಿನಲ್ಲಿ ರಕ್ತದೊತ್ತಡ ಅಥವಾ ಸಕ್ಕರೆ ಹೆಚ್ಚಾಗಿದ್ದವರು ಹೆರಿಗೆಯ ನಂತರವೂ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮಕ್ಕಳಿಗೆ ಗಂಟಲು ನೋವು ಬಂದು, ಕೆಲವು ವಾರಗಳಲ್ಲಿ ಜ್ವರದೊಂದಿಗೆ ಕೀಲುಗಳು ಬಾತುಕೊಂಡರೆ ಅಲಕ್ಷಿಸಬಾರದು. ಈ ಕೀಲುವಾತ ಜ್ವರವು ಹೃದಯದ ಕವಾಟವನ್ನು ಕೆಡಿಸುತ್ತದೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಅದು ಬಸಿರಿನಲ್ಲಿಯೇ ಬಯಲಾಗುತ್ತದೆ.

ಲಕ್ಷಣಗಳು

ಎದೆ ಹಿಂಡಿದಂತಹ ನೋವು ಮುಖ್ಯ ಲಕ್ಷಣ. ಆದರೆ ಮಹಿಳೆಯರಲ್ಲಿ ಅದರೊಂದಿಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರು ಕಟ್ಟುವುದು, ದವಡೆ, ಬೆನ್ನು, ಭುಜದ ನೋವು, ವಾಂತಿ, ತಣ್ಣನೆಯ ಬೆವರು, ಹಿಂದೆಂದೂ ಇಲ್ಲದ ಸುಸ್ತು ಕಾಣಬಹುದು. ದಿನವೆಲ್ಲ ಬಗ್ಗಿ ಕಳೆ ತೆಗೆಯುವವರು ಬೆನ್ನು ನೋವನ್ನು ದುಡಿಮೆಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ. ಮೋಸ ಹೋಗುವುದು ಇಲ್ಲಿಯೇ.

ಹತೋಟಿ ಕ್ರಮಗಳು

ಉಪ್ಪು: ತಲೆಗೆ ದಿನಕ್ಕೆ 5 ಗ್ರಾಂ ಮೀರಬಾರದು. ಐದು ಜನರ ಮನೆಗೆ ತಿಂಗಳಿಗೆ 750 ಗ್ರಾಂ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದರಲ್ಲಿಯೇ ಸೇರಬೇಕು.

ಎಣ್ಣೆ: ತಲೆಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಕಿಲೋ ಮಾತ್ರ. ವನಸ್ಪತಿ ಬೇಡ, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಹಿಂಗಾರಿ ಜೋಳ, ಕಡಲೆಯ ಜೊತೆ ಕೆಲವು ಸಾಲು ಕುಸುಬೆ, ಅಗಸಿ ಹಾಕಿರಿ. ರೊಟ್ಟಿಯೊಂದಿಗೆ ಅಗಸಿ ಚಟ್ನಿ ಹಿತಕರ. ಉಪ್ಪು ಮಾತ್ರ ಹಗುರವಾಗಿರಲಿ.

ಕೈತೋಟ: ಎಲ್ಲ ಭೂಮಿಗೂ ಕಬ್ಬು ಹಚ್ಚಿ ಕಾಯಿಪಲ್ಲೆಯನ್ನು ಸಂತೆಯಿಂದ ತರುವುದು ಜಾಣತನವಲ್ಲ. ಎರಡು ಗುಂಟೆ ಬಿಟ್ಟು ಮೆಂತೆ, ರಾಜಗಿರಿ, ಸಬ್ಬಸಿಗೆ, ಬದನೆ, ನುಗ್ಗೆ ಬೆಳೆಯಿರಿ. ತಲೆಗೆ ದಿನಕ್ಕೆ 400 ಗ್ರಾಂ ಕಾಯಿಪಲ್ಲೆ, ಹಣ್ಣು ಬೇಕು. ಎಲ್ಲರೂ ಉಂಡ ಮೇಲೆ ಉಳಿದದ್ದು ಮನೆಯಾಕೆಯ ಪಾಲಾಗಬಾರದು. ಪಲ್ಲೆ, ಬೇಳೆ ಆಕೆಯ ತಾಟಿನಲ್ಲಿಯೂ ಇರಲಿ.

ತಂಬಾಕು ಮತ್ತು ಹೊಗೆ: ಮಿಶ್ರಿ, ನಶ್ಯ, ಎಲೆ ಅಡಿಕೆಯೊಂದಿಗಿನ ತಂಬಾಕು ಎಲ್ಲವೂ ಬಿಡತಕ್ಕವು. ನೀವು ಸೇದುವ ಬೀಡಿಯ ಹೊಗೆ ಆಕೆಗೂ ಹಾನಿಕರ. ರವದಿ, ಹತ್ತಿಕಟ್ಟಿಗೆ ಉರಿಸುವ ಒಲೆಯ ಹೊಗೆಯೂ ಹೃದಯಕ್ಕೆ ಕೇಡು. ಗ್ಯಾಸ್ ಇದ್ದರೆ ಅದರಲ್ಲಿಯೇ ಅಡಿಗೆಯಾಗಲಿ. ಇಲ್ಲವಾದರೆ ಹೊಗೆ ಹೊರಹೋಗುವ ಕೊಳವೆ ಅಗತ್ಯ. ರವದಿಯನ್ನು ಕೂಳೆ ಕಬ್ಬಿನ ಸಾಲುಗಳಲ್ಲಿ ಹೊದಿಸಿದರೆ ತೇವವೂ ಉಳಿಯುತ್ತದೆ.

ಪರೀಕ್ಷೆ: ಮಣ್ಣು ಪರೀಕ್ಷೆಯಿಲ್ಲದೆ ಗೊಬ್ಬರ ಹಾಕಬೇಡಿ ಎನ್ನುತ್ತೇವೆ. ಅದರಂತೆ 30 ವರ್ಷ ದಾಟಿದ ಪ್ರತಿ ಮಹಿಳೆಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿರಿ. ರಕ್ತದೊತ್ತಡ ಮತ್ತೆ ಮತ್ತೆ 140/90 ಅಥವಾ ಹೆಚ್ಚು ಬಂದರೆ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕಾಣಬೇಕು. ಆರಾಮಾಯಿತೆಂದು ಗುಳಿಗೆ ನಿಲ್ಲಿಸಬಾರದು.

ತುರ್ತು ಸಮಯದಲ್ಲಿ

ಮೇಲಿನ ಲಕ್ಷಣ ಒಮ್ಮೆಲೆ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಆಕೆಯನ್ನು ನಡೆಸದೆ ಕೂಡ್ರಿಸಿ, 108ಕ್ಕೆ ಫೋನ್ ಮಾಡಿರಿ. ರಕ್ತದ ಗಡ್ಡೆ ಕರಗಿಸುವ ಔಷಧ ಮೊದಲ ಕೆಲವು ತಾಸುಗಳಲ್ಲಿಯೇ ಹೆಚ್ಚು ಫಲಕಾರಿ. ಕಾಲುವೆಯ ಸರದಿ ತಪ್ಪಿದರೆ ಮುಂದಿನ ಸರದಿ ಬಂದೀತು, ಇಲ್ಲಿ ಹಾಗಿಲ್ಲ.

ಈ ವಾರ ಗೊಬ್ಬರಕ್ಕೆಂದು ಪೇಟೆಗೆ ಹೋಗುವಾಗ ಮನೆಯಾಕೆಯನ್ನೂ ಕರೆದುಕೊಂಡು ಹೋಗಿ ರಕ್ತದೊತ್ತಡ ನೋಡಿಸಿ ಬನ್ನಿರಿ. ಖರ್ಚಿಲ್ಲದ ಈ ಕೆಲಸಕ್ಕೆ ಬೇಕಾದದ್ದು ಅರ್ಧ ತಾಸು ಮಾತ್ರ.