ಕೈನಡುಕಕ್ಕೆ ಮದ್ದುಂಟು, ಮರೆವಿಗೆ?

ಕೆಮ್ಮಣ್ಣುಗುಂಡಿಯತ್ತ ಏರುವ ಮಲೆನಾಡಿನ ಹುಡುಗರಿಗೆ ನಸುಗುನ್ನಿಯ ಕಾಯಿ ಎಂದೊಡನೆ ಮೈ ತುರಿಸುತ್ತದೆ. ಅದರ ರೋಮವೇ ಅಷ್ಟು ಉಗ್ರ. ಒಳಗಿನ ಬೀಜವೋ, ಔಷಧದ ಭಂಡಾರ! 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಅದರಿಂದ ‘ಎಲ್-ಡೋಪ’ವನ್ನು ಬೇರ್ಪಡಿಸಿದರು. ಪಾರ್ಕಿನ್ಸನ್ ರೋಗದಲ್ಲಿ ಮಿದುಳಿನೊಳಗೆ ಕುಗ್ಗುವ ಡೋಪಮಿನ್ನಿನ ಕೊರತೆಯನ್ನು ತುಂಬಿ, ಬಿಗಿದ ಕೈಕಾಲನ್ನು ಸಡಿಲಿಸುವ ಮದ್ದು ಇದೇ. ಬೀಜವನ್ನು ತಾವಾಗಿಯೇ ತಿನ್ನುವ ಸಾಹಸ ಮಾತ್ರ ಸಲ್ಲದು.

ಆದರೆ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುವಂತಾದ ಹಿರಿಯರು, ಗುಳಿಗೆ ನುಂಗಿದ್ದನ್ನೇ ಮರೆತರೆ? 1817ರಲ್ಲಿ ಈ ರೋಗವನ್ನು ವರ್ಣಿಸಿದ ಜೇಮ್ಸ್ ಪಾರ್ಕಿನ್ಸನ್, ಬುದ್ಧಿಗೆ ಊನವಿಲ್ಲವೆಂದೇ ಬರೆದನು. ಅಷ್ಟರಮಟ್ಟಿಗೆ ಆತನು ಎಡವಿದನು. ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ಗಂಟುಗಳು ಕಾಲಕ್ರಮದಲ್ಲಿ ಮಿದುಳಿನ ಹೊರಪದರಕ್ಕೂ ಹಬ್ಬುತ್ತವೆ. ಗಮನಕ್ಕೂ ನೆನಪಿಗೂ ಬೇಕಾದ ಅಸಿಟೈಲ್‌ಕೋಲಿನ್ ಒದಗಿಸುವ ಜೀವಕೋಶಗಳೂ ನಶಿಸುತ್ತವೆ. ಈ ನಷ್ಟಕ್ಕೆ ಎಲ್-ಡೋಪ ನಿಲುಕದು. ರಿವಾಸ್ಟಿಗ್ಮಿನ್ ತಕ್ಕಮಟ್ಟಿಗೆ ನೆರವಾದೀತು, ಗುಣಪಡಿಸದು.

ಮನೆಯವರು ಅರಿಯಬೇಕಾದದ್ದೊಂದುಂಟು. ಆರಂಭದಲ್ಲಿ ಅನೇಕರ ನೆನಪು ಅಳಿದಿರುವುದಿಲ್ಲ. ಅದನ್ನು ಹುಡುಕಿ ತೆಗೆಯುವುದೇ ಕಷ್ಟವಾಗಿರುತ್ತದೆ. ‘ಬೇಸಿಗೆಯಲ್ಲಿ ಎಲ್ಲಿಗೆ ಹೋಗಿದ್ದೆವು?’ ಎಂದರೆ ತಡವರಿಸುವ ಅಜ್ಜ, ‘ಕೆಂಪು ಮಣ್ಣಿನ ಬೆಟ್ಟ’ ಎಂಬ ಸುಳಿವು ಸಿಕ್ಕೊಡನೆ ‘ಕೆಮ್ಮಣ್ಣುಗುಂಡಿ!’ ಎಂದುಬಿಡಬಹುದು.