ಭೂಗರ್ಭದಲ್ಲಿ ಬೆಂಕಿ: ಮಂದ ತೈಲದ ಉಷ್ಣಪರೀಕ್ಷೆ

ನೆಲಕ್ಕೆ ಕೊಳವೆ ಇಳಿಸಿದೊಡನೆ ತೈಲ ತಾನಾಗಿಯೇ ಚಿಮ್ಮಿ ಬರುವುದೆಂಬ ಭಾವನೆ ಜನಸಾಮಾನ್ಯರಲ್ಲಿದೆ. ಎಲ್ಲ ತೈಲವೂ ಅಷ್ಟು ಸುಲಭವಾಗಿ ಒಲಿಯುವಂಥದಲ್ಲ. ಗುಜರಾತಿನ ಮೆಹಸಾಣಾ ಪ್ರದೇಶದ ಬಲೋಲ್ ಮತ್ತು ಸಾಂಥಲ್ ಕ್ಷೇತ್ರಗಳಲ್ಲಿ 1970ರ ಸುಮಾರಿಗೆ ದೊರೆತ ಕಚ್ಚಾ ತೈಲ ಹರಳೆಣ್ಣೆಯನ್ನು ನೆನಪಿಗೆ ತರುವಷ್ಟು ಮಂದವಾದುದು. ಸುಮಾರು 1000 ಮೀಟರ್ ಆಳದಲ್ಲಿ, 70 ಡಿಗ್ರಿ ಸೆಂಟಿಗ್ರೇಡ್ ಬಿಸುಪಿನಲ್ಲಿದ್ದರೂ ಅದರ ಸ್ನಿಗ್ಧತೆ ನೀರಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಅದೇ ಮರಳಿನ ಪದರದಲ್ಲಿರುವ ನೀರು ಹಗುರವಾಗಿ ಹರಿದು ಬಾವಿಯನ್ನು ಮೊದಲು ಸೇರುತ್ತದೆ. ತೈಲ ಹಿಂದೆ ಉಳಿಯುತ್ತದೆ. ಸಹಜ ಒತ್ತಡವನ್ನೇ ನಂಬಿ ಕುಳಿತರೆ ನೂರು ಪಾಲಿನಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ನೆಲದಲ್ಲಿಯೇ ಉಳಿದುಬಿಡುವುದು. ಬಳಸುವ ತೈಲದ ಬಹುಭಾಗವನ್ನು ಹೊರದೇಶಗಳಿಂದ ಕೊಳ್ಳುವ ನಾಡಿಗೆ ಇದು ಸಣ್ಣ ನಷ್ಟವಲ್ಲ.

ಕಾಯಿಸಿದರೆ ಎಣ್ಣೆ ತೆಳುವಾಗುವುದೆಂಬುದು ಅಡಿಗೆಮನೆಯಲ್ಲಿ ಎಲ್ಲರೂ ಕಂಡ ಸಂಗತಿ. ಆದರೆ ಒಂದು ಕಿಲೋಮೀಟರ್ ಕೆಳಗಿರುವುದನ್ನು ಕಾಯಿಸುವ ಬಗೆ ಹೇಗೆ? ಮೇಲಿನಿಂದ ಹಬೆ ಕಳಿಸಿದರೆ ದಾರಿಯಲ್ಲಿಯೇ ಅದರ ಶಾಖ ಬಹಳಷ್ಟು ಸೋರಿಹೋಗುತ್ತದೆ. ಆದ್ದರಿಂದ ತೈಲವಿರುವಲ್ಲಿಯೇ ಬೆಂಕಿ ಹೊತ್ತಿಸುವ ಸಾಹಸಕ್ಕೆ ತಜ್ಞರು ಕೈಹಾಕಿದರು. ಒಂದು ಬಾವಿಯಿಂದ ಗಾಳಿಯನ್ನು ಒತ್ತಿ ಕಳಿಸಿ ಅದರ ತಳದಲ್ಲಿ ಉರಿ ಹಚ್ಚಲಾಗುತ್ತದೆ. ಉರಿಯ ಅಂಚು ಮರಳಿನ ಪದರದಲ್ಲಿ ನಿಧಾನವಾಗಿ ಮುಂದುವರಿಯುತ್ತದೆ. ಅದರ ಮುಂದೆ ಹಬೆ, ಅನಿಲಗಳು, ಬಿಸಿಯಾಗಿ ತೆಳುವಾದ ತೈಲ ಇವೆಲ್ಲ ಬೇರೆ ಬಾವಿಗಳ ಕಡೆಗೆ ತಳ್ಳಲ್ಪಡುತ್ತವೆ. ಉರಿಯುವುದು ಒಳ್ಳೆಯ ತೈಲವಲ್ಲ. ಶಾಖಕ್ಕೆ ಒಡೆದ ತೈಲವು ಮರಳಿನ ಕಣಗಳ ಮೇಲೆ ಬಿಟ್ಟುಹೋಗುವ ಇದ್ದಿಲಿನಂಥ ಕರಿಕು. ರೊಮೇನಿಯದ ಸುಪ್ಲಾಕು ದೆ ಬರ್ಕೌ ಎಂಬಲ್ಲಿ ಈ ಕ್ರಮ 1960ರ ದಶಕದಲ್ಲಿಯೇ ಆರಂಭವಾಯಿತು. ಅಲ್ಲಿ ತೈಲವಿರುವುದು ಬಹಳ ಮೇಲೆ. ಅದಕ್ಕಿಂತ ಎಷ್ಟೋ ಆಳದ ಬಲೋಲಿನಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು 1990ರಲ್ಲಿ ಪ್ರಯೋಗ ಆರಂಭಿಸಿ, 1997ರಲ್ಲಿ ಅದನ್ನು ವ್ಯಾಪಕವಾಗಿ ಕೈಗೊಂಡಿತು.

ಇಲ್ಲಿ ಒಂದು ತೊಡಕಿದೆ. ಒಲೆಯ ಬೆಂಕಿಯಾದರೆ ಕಣ್ಣಿಗೆ ಕಾಣುತ್ತದೆ, ಆರುವಂತಿದ್ದರೆ ಊದಬಹುದು. ಭೂಗರ್ಭದ ಬೆಂಕಿಯನ್ನು ಯಾರೂ ಕಾಣರು. ಮೇಲಾಗಿ, ತೈಲವು ಆಮ್ಲಜನಕದೊಡನೆ ಕೂಡುವ ಬಗೆ ಎರಡು. ಸುಮಾರು 300 ಡಿಗ್ರಿಯವರೆಗೆ ಆಮ್ಲಜನಕವು ತೈಲದ ಅಣುಗಳಿಗೆ ಅಂಟಿಕೊಳ್ಳುವುದೇ ಹೆಚ್ಚು. ಆಮ್ಲಗಳೂ ಆಲ್ಡಿಹೈಡುಗಳೂ ಹುಟ್ಟುತ್ತವೆ. ಅಣುಗಳು ಒಂದಕ್ಕೊಂದು ಹೆಣೆದುಕೊಂಡು ತೈಲ ಮೊದಲಿಗಿಂತಲೂ ದಪ್ಪವಾಗುತ್ತದೆ. 400 ಡಿಗ್ರಿ ದಾಟಿದ ಮೇಲೆಯೇ ನಿಜವಾದ ದಹನ: ಕರಿಕು ಉರಿದು ಇಂಗಾಲದ ಡೈ ಆಕ್ಸೈಡ್, ಇಂಗಾಲದ ಮಾನಾಕ್ಸೈಡ್, ನೀರು ಹೊರಬರುತ್ತವೆ. ತೆಳುವಾಗಿಸಲು ಹಚ್ಚಿದ ಬೆಂಕಿ ಮೊದಲನೆಯ ಹಂತದಲ್ಲಿಯೇ ಮುದುಡಿ ಕುಳಿತರೆ ತೈಲವನ್ನು ಇನ್ನಷ್ಟು ಹೆಪ್ಪುಗಟ್ಟಿಸಿದಂತಾಯಿತು.

ಯಾವ ತೈಲ ಯಾವ ಬಗೆಯದೆಂಬುದನ್ನು ಮೊದಲೇ ತಿಳಿಯುವ ಸಾಧನವೇ ಉಷ್ಣ ವಿಶ್ಲೇಷಣೆ. ಜಪಾನಿನ ಕೊಟಾರೊ ಹೋಂಡಾ 1915ರಲ್ಲಿ ರೂಪಿಸಿದ ಉಷ್ಣ ತಕ್ಕಡಿಯ ತತ್ತ್ವ ಸರಳವಾದುದು. ಕುಲುಮೆಯೊಳಗೆ ತಕ್ಕಡಿಯ ತಟ್ಟೆ. ಅದರಲ್ಲಿ ಕೆಲವೇ ಮಿಲಿಗ್ರಾಂ ತೈಲ. ಗಾಳಿ ಹಾಯಿಸುತ್ತ, ನಿಮಿಷಕ್ಕೆ ಸುಮಾರು 10 ಡಿಗ್ರಿಯಂತೆ ಶಾಖ ಏರಿಸಿ, ತೂಕ ಇಳಿಯುವುದನ್ನು ಗುರುತಿಸಲಾಗುತ್ತದೆ. ಇನ್ನೊಂದು ಉಪಕರಣವು ತೈಲ ಹೊರಸೂಸುವ ಶಾಖವನ್ನು ಅಳೆಯುತ್ತದೆ. ಶಾಖದ ಈ ರೇಖೆ ವೈದ್ಯರು ಬರೆದಿಡುವ ಜ್ವರದ ಪಟ್ಟಿಯಂತೆ ಏರಿಳಿಯುತ್ತದೆ. ಮೊದಲ ಏರು ಆ ಅಂಟಿಕೊಳ್ಳುವ ಹಂತದ್ದು, ಎರಡನೆಯದು ಕರಿಕಿನ ದಹನದ್ದು.

ಎರಡು ಏರುಗಳಿಗಿಂತಲೂ ನಡುವಣ ತಗ್ಗೇ ಮುಖ್ಯವೆನ್ನಬೇಕು. ಆ ಅವಧಿಯಲ್ಲಿ ಶಾಖ ಏರಿದರೂ ತೈಲ ಆಮ್ಲಜನಕವನ್ನು ಬಳಸಿಕೊಳ್ಳುವ ವೇಗ ಕುಂದುತ್ತದೆ. ಸುತ್ತಲ ಬಂಡೆ ಶಾಖವನ್ನು ಹೀರುತ್ತಲೇ ಇರುತ್ತದೆ. ತಗ್ಗು ಆಳವಾಗಿದ್ದಷ್ಟೂ ಬೆಂಕಿ ಅದನ್ನು ದಾಟಿ ಮೇಲೇರುವುದು ಕಷ್ಟ. ದಾಟಿಸಬೇಕಾದರೆ ಆರಂಭದ ಉರಿ ಪ್ರಬಲವಾಗಿರಬೇಕು, ಗಾಳಿ ಧಾರಾಳವಾಗಿರಬೇಕು. ಗಾಳಿಯನ್ನು ಅಷ್ಟು ಆಳಕ್ಕೆ ಒತ್ತುವುದು ಬಲು ದುಬಾರಿ ಕೆಲಸವಾದ್ದರಿಂದ ಈ ಲೆಕ್ಕಕ್ಕೆ ಬೆಲೆಯಿದೆ.

ಶುದ್ಧ ತೈಲವೊಂದನ್ನೇ ಪರೀಕ್ಷಿಸಿದರೆ ಉತ್ತರ ಅರ್ಧಸತ್ಯ. ಅದೇ ಪದರದ ಮರಳನ್ನು ಬೆರೆಸಿದಾಗ ರೇಖೆಯೇ ಬದಲಾಗುವುದುಂಟು. ಮರಳಿನಲ್ಲಿರುವ ಜೇಡಿಯ ಕಣಗಳ ವಿಸ್ತಾರವಾದ ಮೈ ಕರಿಕು ಕೂರಲು ಎಡೆಕೊಟ್ಟು ದಹನಕ್ಕೆ ನೆರವಾಗುತ್ತದೆ. ಕ್ರಿಯೆ ಆರಂಭವಾಗಲು ಬೇಕಾದ ಶಕ್ತಿಯ ಪ್ರಮಾಣ ಇಂಥ ಬೆರಕೆಯಲ್ಲಿ ಕಡಿಮೆಯಾಗುವುದನ್ನು ಕಾಣಬಹುದು. ಹಾಗಿದ್ದೂ ಮಿಲಿಗ್ರಾಂ ತೈಲದ ಸಾಕ್ಷ್ಯವನ್ನು ನೇರವಾಗಿ ಬಾವಿಗೆ ಅನ್ವಯಿಸುವಂತಿಲ್ಲ. ಭೂಗರ್ಭದ ಒತ್ತಡ ಬೇರೆ, ಅಲ್ಲಿಯ ಗಾಳಿಯ ಚಲನೆ ಬೇರೆ. ಆದಕಾರಣ ಅದೇ ಮರಳನ್ನೂ ತೈಲವನ್ನೂ ಉದ್ದನೆಯ ಉಕ್ಕಿನ ಕೊಳವೆಯಲ್ಲಿ ತುಂಬಿ, ಒತ್ತಡ ಕೊಟ್ಟು, ಒಂದು ತುದಿಯಲ್ಲಿ ಹೊತ್ತಿಸಿ, ಎಷ್ಟು ಇಂಧನ ಉರಿಯಿತು, ಎಷ್ಟು ಗಾಳಿ ತಗುಲಿತು ಎಂದು ಅಳೆಯುತ್ತಾರೆ. ತಕ್ಕಡಿಯ ಪರೀಕ್ಷೆ ತೈಲವನ್ನು ಆಯ್ದುಕೊಡುತ್ತದೆ. ಯೋಜನೆಯ ಅಂಕಿಗಳು ಹುಟ್ಟುವುದು ಕೊಳವೆಯ ಪರೀಕ್ಷೆಯಲ್ಲಿ.

ಲೆಕ್ಕ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ. ಬೆಂಕಿ ಬಳಸದೆ ಬಿಟ್ಟ ಆಮ್ಲಜನಕ ನುಸುಳಿ ತೈಲದ ಬಾವಿಗೆ ಬಂದರೆ, ಅಲ್ಲಿಯ ಉರಿಯುವ ಅನಿಲಗಳೊಡನೆ ಸೇರಿ ಸ್ಫೋಟಕ್ಕೆ ಕಾರಣವಾಗಬಲ್ಲದು. ದಹನದಲ್ಲಿ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತೈಲದಲ್ಲಿ ಗಂಧಕವಿದ್ದರೆ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆಂಬುದು ನಿಜ. ಆದರೆ ಅದು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆ ನಿಂತಿತೆಂದು ನೆಮ್ಮದಿಪಡುವಂತಿಲ್ಲ. ಇಂಥ ಕ್ಷೇತ್ರಗಳಲ್ಲಿ ಪ್ರತಿ ಬಾವಿಯ ಅನಿಲವನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಈ ಕಾರಣಕ್ಕೆ. ಇಂಗಾಲದ ಡೈ ಆಕ್ಸೈಡ್ ತಕ್ಕಮಟ್ಟಿಗೆ ಬರುತ್ತಿದ್ದು ಆಮ್ಲಜನಕ ಕಾಣದಿದ್ದರೆ ಕೆಳಗೆ ಉರಿ ಸರಿಯಾಗಿದೆ ಎಂದರ್ಥ. ಮೊದಲನೆಯದು ಇಳಿದು ಎರಡನೆಯದು ತಲೆದೋರಿತೆಂದರೆ, ಬೆಂಕಿ ಆ ತಗ್ಗನ್ನು ದಾಟಲಾರದೆ ಹಿಂದಕ್ಕೆ ಜಾರಿರಬಹುದು, ಇಲ್ಲವೆ ಗಾಳಿ ಬೇರೆ ದಾರಿ ಹಿಡಿದಿರಬಹುದು. ಆಗ ಆ ಬಾವಿಯನ್ನು ಕೂಡಲೇ ಮುಚ್ಚಬೇಕಾಗುತ್ತದೆ.